ಬೆಜವಾಡದ ಪುಸ್ತಕದ ದೋಣಿ

ಆಂಧ್ರಕ್ಕೆ ವರ್ಗವಾಗಿ ಬಂದು ಇಪ್ಪತ್ತೈದು ವರ್ಷ ದಾಟಿತು. ಮೊದಲು ವಿಜಯವಾಡ, ಆಮೇಲೆ ವಿಶಾಖಪಟ್ಟಣ. ಊರಿನವರು ಫೋನ್ ಮಾಡಿದಾಗ ಈಗಲೂ ಕೇಳ್ತಾರೆ, "ಅಲ್ಲಿ ನಿಮಗೆ ಅಂತ ಯಾರಿದ್ದಾರೆ?" ಪರವೂರಿನಲ್ಲಿ ಜನ ತಾವಾಗಿ ಸಿಗೋದಿಲ್ಲ ಸ್ವಾಮಿ, ಸಂಬಳವಿಲ್ಲದ ಒಂದು ಕೆಲಸ ಹಿಡಿದರೆ ಸಿಗ್ತಾರೆ. ಇದನ್ನು ನನಗೆ ಕಲಿಸಿದ್ದು ವಿಜಯವಾಡದ ಒಂದು ಹಳೆಯ ಕಥೆ. ನಾನು ಬಿ.ಕಾಂ. ಓದಿದವನು, ಚರಿತ್ರೆಕಾರನಲ್ಲ. ಆದರೂ ಹೇಳಿಬಿಡ್ತೀನಿ.

ವಿಜಯವಾಡವನ್ನು ಆಗ ಬೆಜವಾಡ ಅಂತಿದ್ದರು. ಅಲ್ಲಿ 1911ರಲ್ಲಿ ರಾಮಮೋಹನ ಗ್ರಂಥಾಲಯ ಶುರುವಾಯಿತು. ಮೂರು ವರ್ಷದ ನಂತರ, 1914ರ ಏಪ್ರಿಲ್ 10ರಂದು, ತೆಲುಗು ನಾಡಿನ ಗ್ರಂಥಾಲಯಗಳವರು ಅದೇ ಊರಿನಲ್ಲಿ ಸಭೆ ಸೇರಿ ಆಂಧ್ರದೇಶ ಗ್ರಂಥಾಲಯ ಸಂಘ ಕಟ್ಟಿದರು. ದೇಶದಲ್ಲೇ ಇಂಥದ್ದು ಮೊದಲನೆಯದು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಅದರ ಮರುವರ್ಷ, 1915ರಲ್ಲಿ. ಸಭೆಗಾಗಿ ಓಡಾಡಿದ ಅಯ್ಯಂಕಿ ವೆಂಕಟರಮಣಯ್ಯನವರಿಗೆ ಆಗಿನ್ನೂ ಇಪ್ಪತ್ನಾಲ್ಕು ತುಂಬಿರಲಿಲ್ಲ!

ನನಗೆ ತುಂಬಾ ಇಷ್ಟವಾಗೋದು ದೋಣಿಯ ಕಥೆ. ಕೃಷ್ಣಾ ಕಾಲುವೆಗಳಲ್ಲಿ ಆಗ ಜನ ದೋಣಿಯಲ್ಲೇ ಓಡಾಡುತ್ತಿದ್ದರು. ಗಂಟೆಗಟ್ಟಲೆ ಕೂತಿರುವವರ ಕೈಗೆ ಪುಸ್ತಕ ಕೊಟ್ಟರೆ ಹೇಗೆ? 1935ರಲ್ಲಿ ಪಾತೂರಿ ನಾಗಭೂಷಣಂ ಅವರು ಪೆದವಡ್ಲಪೂಡಿಯಿಂದ ಕೊಲ್ಲೂರಿನ ತನಕ ದೋಣಿಯಲ್ಲೇ ಗ್ರಂಥಾಲಯ ನಡೆಸಿದರು (ಇದು ಮೂಕಾಂಬಿಕೆಯ ಕೊಲ್ಲೂರಲ್ಲ, ಕೃಷ್ಣಾ ತೀರದ್ದು). ಓದುಗರು ಬರಲಿ ಅಂತ ಬಾಗಿಲು ತೆಗೆದು ಕಾಯಲಿಲ್ಲ, ಜನ ಇದ್ದಲ್ಲಿಗೇ ಹೋದರು. ನೋಡಿ, ಸೇವೆ ಶುರುಮಾಡೋದು ಅಂದರೆ ಇದೇ. ಅದೇ 1935ರಲ್ಲಿ ಇತ್ತ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ ಗ್ರಂಥಾಲಯ ಶಾಸ್ತ್ರದ ಡಿಪ್ಲೊಮಾ ತೆರೆಯಿತು. ಈ ವಿಶ್ವವಿದ್ಯಾಲಯ ಹುಟ್ಟಿದ್ದೂ 1926ರಲ್ಲಿ ಬೆಜವಾಡದಲ್ಲೇ.

ಇವರಿಗೆಲ್ಲ ಏನು ಸಿಕ್ಕಿತು? ಅಯ್ಯಂಕಿಯವರಿಗೆ 1972ರಲ್ಲಿ ಪದ್ಮಶ್ರೀ ಬಂತು, ಸರಿ. ಅದಕ್ಕಿಂತ ದೊಡ್ಡ ಲಾಭ ಬೇರೆ. 1948ರಲ್ಲಿ ಮದ್ರಾಸ್ ಸರ್ಕಾರ, 1960ರಲ್ಲಿ ಆಂಧ್ರ ಸರ್ಕಾರ ಗ್ರಂಥಾಲಯ ಕಾನೂನು ಮಾಡಿದವು. ಮನೆ ತೆರಿಗೆಯ ಜತೆ ನಾವು ಕಟ್ಟುವ ಗ್ರಂಥಾಲಯ ಸೆಸ್ ಬಂದದ್ದು ಹೀಗೆ. ಕರ್ನಾಟಕದ ಕಾನೂನು 1965ರದ್ದು. ಆದರೆ "ಅದು ಸರ್ಕಾರದ್ದು" ಅಂದುಕೊಂಡ ದಿನದಿಂದ ನಮ್ಮ ಕೈ ಅಲ್ಲಾಡೋದು ನಿಂತುಹೋಯಿತೇನೋ ಅಂತಲೂ ಅನ್ನಿಸುತ್ತೆ.

ಈ ಕಥೆ ತಿಳಿದ ಮೇಲೆ ವಿಶಾಖಪಟ್ಟಣದಲ್ಲಿ ನಮ್ಮ ಮನೆಯ ಒಂದು ಬೀರುವಿನಲ್ಲಿ ಕನ್ನಡ ಪುಸ್ತಕ ಜೋಡಿಸಿದೆ. ಭಾನುವಾರ ಸಂಜೆ ನಾಲ್ಕರಿಂದ ಆರು. ಬ್ಯಾಂಕಿನ ಬುದ್ಧಿ ಬಿಡಬೇಕಲ್ಲ, ಒಂದು ರಿಜಿಸ್ಟರ್: ಹೆಸರು, ವಿಳಾಸ, ಪುಸ್ತಕ, ವಾಪಸ್ ಬಂದ ದಿನ. ಶುರುವಿನಲ್ಲಿ ಇದ್ದದ್ದು ನಾಲ್ಕೇ ಮನೆ. ಸಾಲ ವಸೂಲಿಗಿಂತ ಪುಸ್ತಕ ವಸೂಲಿ ಕಷ್ಟ ಅಂತ ಹೆಂಡತಿ ನಗುತ್ತಿದ್ದಳು.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಬಂತು. ಕರೆಂಟಿಲ್ಲ, ಫೋನಿಲ್ಲ, ರಸ್ತೆ ತುಂಬಾ ಮರ. ಯಾರು ಹೇಗಿದ್ದಾರೋ? ಆಗ ನೆನಪಾದದ್ದು ಆ ರಿಜಿಸ್ಟರ್! ಪಕ್ಕದ ಮನೆಯ ತೆಲುಗು ಹುಡುಗನನ್ನು ಕರೆದುಕೊಂಡು, ಅದರಲ್ಲಿದ್ದ ವಿಳಾಸ ಹಿಡಿದು ಮನೆ ಮನೆಗೆ ಹೋದೆ. ಒಬ್ಬರೇ ಇದ್ದ ವಯಸ್ಸಾದ ಅಮ್ಮನವರೊಬ್ಬರು ಕುಡಿಯೋ ನೀರಿಲ್ಲದೆ ಕೂತಿದ್ದರು. ನೀರು ತಂದುಕೊಟ್ಟವರು ಅವರದೇ ಬೀದಿಯ ತೆಲುಗಿನವರು. ಅಲ್ಲಿಯವರೆಗೆ ಅವರಿಗೂ ಇವರಿಗೂ ಮಾತೇ ಇರಲಿಲ್ಲ. ಆಮೇಲೆ ಬೀರುವಿನಲ್ಲಿ ತೆಲುಗು ಪುಸ್ತಕಗಳೂ ಸೇರಿಕೊಂಡವು.

ಪರವೂರಿನಲ್ಲಿದ್ದು "ಏನಾದ್ರೂ ಮಾಡಬೇಕು" ಅಂತ ಅಂದುಕೊಳ್ಳುವವರಿಗೆ ನಾನು ಹೇಳೋದು ಇಷ್ಟೇ. ಸಂಘ, ಪದಾಧಿಕಾರಿ, ಬ್ಯಾನರ್ ಎಲ್ಲ ಆಮೇಲೆ ನೋಡೋಣ. ಒಂದು ಕೆಲಸ, ತಪ್ಪದ ಒಂದು ಹೊತ್ತು, ಒಂದು ನೋಟ್ ಬುಕ್ ಇದ್ದರೆ ಸಾಕು. ಅಕ್ಕಪಕ್ಕದವರ ಭಾಷೆ ಕಲಿತು ಅವರನ್ನೂ ಕರೆಯಿರಿ. ಬಡ್ಡಿ ಎಷ್ಟು ಅಂತ ಲೆಕ್ಕ ಹಾಕೋಕೆ ಹೋಗಬೇಡಿ. ಈ ಖಾತೆಯಲ್ಲಿ ಅದು ತಾನಾಗಿ ಜಮೆ ಆಗ್ತಾ ಹೋಗುತ್ತೆ.