ಕತ್ತರಿಸಿಟ್ಟ ಗೆಳೆಯ

'ದಿ ಬಿಗ್ ಚಿಲ್' ಚಿತ್ರದ ಆರಂಭದಲ್ಲಿ, ಹೆಸರುಗಳು ಮೂಡುತ್ತಿರುವಾಗಲೇ, ಯಾರೋ ಒಬ್ಬ ಗಂಡಸಿಗೆ ಬಟ್ಟೆ ತೊಡಿಸುತ್ತಿರುತ್ತಾರೆ. ಹಿನ್ನೆಲೆಯಲ್ಲಿ ಮಾರ್ವಿನ್ ಗೇ ಹಾಡು. ಎಲ್ಲೋ ಹೊರಡಲು ಸಿದ್ಧನಾಗುತ್ತಿದ್ದಾನೆ ಅಂದುಕೊಳ್ಳುತ್ತೇವೆ. ಮಣಿಕಟ್ಟಿನ ಮೇಲಿನ ಹೊಲಿಗೆ ಕಂಡಾಗ ಗೊತ್ತಾಗುತ್ತದೆ, ಅದು ಹೆಣ. ಅವನ ಹೆಸರು ಅಲೆಕ್ಸ್. ಇಡೀ ಚಿತ್ರದಲ್ಲಿ ಅವನ ಮುಖ ನಮಗೆ ಕಾಣುವುದೇ ಇಲ್ಲ.

ಲಾರೆನ್ಸ್ ಕಾಸ್ಡನ್ ನಿರ್ದೇಶಿಸಿದ ಈ ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾದದ್ದು 1983ರ ಸೆಪ್ಟೆಂಬರಿನಲ್ಲಿ. ಬಾರ್ಬರಾ ಬೆನೆಡೆಕ್ ಜೊತೆ ಸೇರಿ ಚಿತ್ರಕಥೆ ಬರೆದದ್ದೂ ಅವರೇ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅರವತ್ತರ ದಶಕದಲ್ಲಿ ಒಟ್ಟಿಗೆ ಓದಿದ ಏಳು ಗೆಳೆಯರು ಅಲೆಕ್ಸನ ಸಾವಿಗೆಂದು ಬಂದು, ಒಂದು ವಾರಾಂತ್ಯ ಒಂದೇ ಮನೆಯಲ್ಲಿ ಕಳೆಯುತ್ತಾರೆ. ಜೊತೆಗೆ ಅಲೆಕ್ಸನ ಪ್ರೇಯಸಿ, ವಯಸ್ಸಿನಲ್ಲಿ ತುಂಬ ಚಿಕ್ಕವಳು. ಅಡುಗೆ ಮಾಡುತ್ತಾರೆ, ಪಾತ್ರೆ ತೊಳೆಯುತ್ತಾ ಕುಣಿಯುತ್ತಾರೆ, ಹಳೆಯ ಪ್ರೇಮಗಳನ್ನು ಕೆದಕುತ್ತಾರೆ, ಜಗಳವಾಡುತ್ತಾರೆ. ಜಗತ್ತನ್ನು ಬದಲಿಸುತ್ತೇವೆಂದು ಹೊರಟವರಲ್ಲಿ ಒಬ್ಬನಿಗೆ ಈಗ ಶೂ ಅಂಗಡಿಗಳಿವೆ, ಇನ್ನೊಬ್ಬ ಟಿವಿ ಧಾರಾವಾಹಿಯ ಹೀರೋ, ಮತ್ತೊಬ್ಬ ತಾರೆಯರ ಬಗ್ಗೆ ಬರೆಯುವ ಪತ್ರಕರ್ತ. ಗ್ಲೆನ್ ಕ್ಲೋಸ್, ಕೆವಿನ್ ಕ್ಲೈನ್, ವಿಲಿಯಂ ಹರ್ಟ್, ಜೆಫ್ ಗೋಲ್ಡ್‌ಬ್ಲಮ್ ಮೊದಲಾದವರ ತಂಡದಲ್ಲಿ ನಾಯಕ ಎಂದು ಯಾರೊಬ್ಬರನ್ನೂ ತೋರಿಸುವಂತಿಲ್ಲ. ಚಿತ್ರ ಚೆನ್ನಾಗಿ ಓಡಿತು. ಅತ್ಯುತ್ತಮ ಚಿತ್ರವೂ ಸೇರಿ ಮೂರು ಆಸ್ಕರ್ ನಾಮನಿರ್ದೇಶನಗಳು ಬಂದವು.

ಅಲೆಕ್ಸನ ಪಾತ್ರ ಮಾಡಿದ್ದು ಆಗಿನ್ನೂ ಹೆಸರಿಲ್ಲದ ಕೆವಿನ್ ಕಾಸ್ಟ್ನರ್. ಗೆಳೆಯರ ಕಾಲೇಜು ದಿನಗಳ ಫ್ಲ್ಯಾಶ್‌ಬ್ಯಾಕ್ ಒಂದನ್ನು ಕಾಸ್ಡನ್ ಚಿತ್ರೀಕರಿಸಿದ್ದರು. ಅದರಲ್ಲಿ ಅಲೆಕ್ಸ್ ಜೀವಂತ ಇದ್ದ, ಮಾತಾಡುತ್ತಿದ್ದ. ಸಂಕಲನದ ಹೊತ್ತಿಗೆ ಅದು ಚಿತ್ರಕ್ಕೆ ಹೊಂದುವುದಿಲ್ಲವೆಂದು ತೆಗೆದುಹಾಕಿದರು. ಉಳಿದದ್ದು ಬಟ್ಟೆ ತೊಡಿಸಿಕೊಳ್ಳುವ ಆ ದೇಹ ಮಾತ್ರ. ಮುಂದೆ 1985ರ 'ಸಿಲ್ವರಾಡೋ'ದಲ್ಲಿ ಕಾಸ್ಡನ್ ಕಾಸ್ಟ್ನರ್‌ಗೆ ದೊಡ್ಡ ಪಾತ್ರವನ್ನೇ ಕೊಟ್ಟರು.

ಚಿತ್ರ ಹಳತಾಗುವ ಮುಂಚೆಯೇ ಅಮೆರಿಕದಲ್ಲಿ ಒಂದು ಮುಖ್ಯ ತೀರ್ಪು ಬಂತು. 1984ರ ಜನವರಿ 17ರಂದು ಅಲ್ಲಿನ ಸುಪ್ರೀಂ ಕೋರ್ಟು, ಟಿವಿ ಕಾರ್ಯಕ್ರಮವನ್ನು ಆಮೇಲೆ ನೋಡಲೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಅಪರಾಧವಲ್ಲ ಎಂದಿತು. ಐದು ಮತ, ಎದುರಿಗೆ ನಾಲ್ಕು. ಬೀಟಾಮ್ಯಾಕ್ಸ್ ಯಂತ್ರದ ಸೋನಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿದ್ದದ್ದು ಯೂನಿವರ್ಸಲ್ ಸ್ಟುಡಿಯೋ. ತಮ್ಮ ವ್ಯಾಪಾರವನ್ನೇ ನುಂಗುತ್ತದೆಂದು ಸ್ಟುಡಿಯೋಗಳು ಹೆದರಿದ್ದ ಆ ಯಂತ್ರವೇ ಕೆಲವೇ ವರ್ಷಗಳಲ್ಲಿ ಅವಕ್ಕೆ ದೊಡ್ಡ ಆದಾಯ ತಂದುಕೊಟ್ಟಿತು.

ಆಗ ಹೊಸ ಚಿತ್ರದ ಕ್ಯಾಸೆಟ್ಟಿಗೆ ಸಾಮಾನ್ಯವಾಗಿ ಎಂಬತ್ತು ಡಾಲರ್ ಹತ್ತಿರ ಬೆಲೆ. ಅದು ಗೃಹಸ್ಥರಿಗೆಂದು ಇಟ್ಟ ಬೆಲೆಯಲ್ಲ, ಬಾಡಿಗೆ ಅಂಗಡಿಗಳಿಗೆಂದು ಇಟ್ಟದ್ದು. ಕಾನೂನಿನ ಪ್ರಕಾರ ಒಮ್ಮೆ ಕೊಂಡ ಕ್ಯಾಸೆಟ್ಟನ್ನು ಅಂಗಡಿಯವನು ಎಷ್ಟು ಸಲ ಬಾಡಿಗೆಗೆ ಕೊಟ್ಟರೂ ಸ್ಟುಡಿಯೋಗೆ ಪಾಲು ಕೊಡಬೇಕಿರಲಿಲ್ಲ. ಹಾಗಾಗಿ ಸ್ಟುಡಿಯೋಗಳು ಮೊದಲ ಮಾರಾಟದಲ್ಲೇ ಎಲ್ಲವನ್ನೂ ಹಿಂಡಿಕೊಂಡವು. ನಮ್ಮೂರುಗಳಲ್ಲಿ ಟಿವಿಯನ್ನೂ ವಿಸಿಆರನ್ನೂ ಒಂದು ರಾತ್ರಿಗೆ ಬಾಡಿಗೆಗೆ ತಂದು, ಬೆಳಗಾಗುವುದರೊಳಗೆ ಮೂರು ಸಿನಿಮಾ ಮುಗಿಸುತ್ತಿದ್ದೆವಲ್ಲ, ಅದರ ಅಮೆರಿಕನ್ ದೊಡ್ಡಣ್ಣ ಅನ್ನಿ.

'ದಿ ಬಿಗ್ ಚಿಲ್'ಗೆ ಕ್ಯಾಸೆಟ್ಟು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಕಾರುಗಳ ಬೆನ್ನಟ್ಟುವಿಕೆ ಇಲ್ಲ, ಯುದ್ಧವಿಲ್ಲ. ಅಡುಗೆಮನೆ, ಸೋಫಾ, ಮಾತು. ನೋಡುವವರೂ ಹಾಗೇ ಸೋಫಾದ ಮೇಲೆ ಕೂತಿರುತ್ತಾರೆ. ಚಿತ್ರದೊಳಗೂ ಒಂದು ವಿಡಿಯೋ ಕ್ಯಾಮೆರಾ ಇದೆ. ವಿಲಿಯಂ ಹರ್ಟ್ ಮಾಡಿದ ನಿಕ್ ಅದರ ಮುಂದೆ ಕೂತು ತನ್ನನ್ನೇ ಸಂದರ್ಶನ ಮಾಡಿಕೊಳ್ಳುತ್ತಾನೆ, ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ. ನಮ್ಮನ್ನು ನಾವೇ ಟೇಪಿಗೆ ಇಳಿಸಿಕೊಳ್ಳುವ ಕಾಲದ ಬಾಗಿಲಲ್ಲಿ ನಿಂತ ದೃಶ್ಯ ಅದು.

1997ರಲ್ಲಿ ಅಮೆರಿಕಕ್ಕೆ ಡಿವಿಡಿ ಬಂತು. ಟೇಪಿನಲ್ಲಿ ಸಿನಿಮಾ ಮಾತ್ರ ಇರುತ್ತಿತ್ತು. ಡಿಸ್ಕಿನಲ್ಲಿ ಜಾಗವಿತ್ತು, ಜಾಗ ತುಂಬಲು ಸರಕು ಬೇಕಿತ್ತು. ನಿರ್ದೇಶಕರ ಮಾತು, ತಯಾರಿಕೆಯ ಕಥೆ, ಕತ್ತರಿಸಿ ಬಿಸಾಕಿದ ದೃಶ್ಯಗಳು ಎಲ್ಲವೂ ಆಕರ್ಷಣೆಯಾದವು. 'ಹಿಂದೆಂದೂ ನೋಡಿರದ' ಅನ್ನುವುದು ಡಬ್ಬಿಯ ಮೇಲೆ ಮಾರಾಟದ ಮಾತಾಯಿತು. 'ದಿ ಬಿಗ್ ಚಿಲ್'ನ ಹದಿನೈದನೇ ವರ್ಷದ ಡಿವಿಡಿ ಆವೃತ್ತಿಯಲ್ಲಿ ತಂಡದ ನೆನಪುಗಳ ಸಾಕ್ಷ್ಯಚಿತ್ರವಿತ್ತು, ಕೆಲವು ಕತ್ತರಿಸಿದ ದೃಶ್ಯಗಳೂ ಇದ್ದವು. 2014ರಲ್ಲಿ ಕ್ರೈಟೀರಿಯನ್ ಸಂಸ್ಥೆ 4ಕೆ ಗುಣಮಟ್ಟದಲ್ಲಿ ಚಿತ್ರವನ್ನು ಮರುಸ್ಥಾಪಿಸಿ ಬ್ಲೂ-ರೇ ತಂದಿತು. ಅದರಲ್ಲಿ 2013ರ ಟೊರಾಂಟೊ ಚಿತ್ರೋತ್ಸವದಲ್ಲಿ ತಂಡ ಮೂವತ್ತು ವರ್ಷಗಳ ಮೇಲೆ ಮತ್ತೆ ಕೂಡಿದ್ದರ ದಾಖಲೆಯೂ ಇದೆ. ಆದರೆ ಎರಡರಲ್ಲೂ ಅಲೆಕ್ಸ್ ಇಲ್ಲ. ಅಷ್ಟು ಹೊತ್ತಿಗೆ ಕಾಸ್ಟ್ನರ್ ಆಸ್ಕರ್ ಗೆದ್ದ ತಾರೆ. ಆ ಕೆಲವು ನಿಮಿಷಗಳಿಗಾಗಿಯೇ ಡಿಸ್ಕು ಕೊಳ್ಳುವವರು ಇದ್ದೇ ಇರುತ್ತಿದ್ದರು. ಕಾಸ್ಡನ್ ಕೊಡಲಿಲ್ಲ.

ಆನ್‌ಸೈಟ್ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರು ಕೊಟ್ಟ ಡಿಸ್ಕಿನಲ್ಲಿ, ಪುಣೆಯ ಮನೆಯಲ್ಲಿ ನಾನಿದನ್ನು ಮೊದಲ ಸಲ ನೋಡಿದಾಗ ನಲವತ್ತು ದಾಟಿತ್ತು. ಕಾಸ್ಡನ್ ಹಟ ನನಗೆ ಆಗ ಬರೀ ಕಲೆಗಾರನ ಗತ್ತು ಅನ್ನಿಸಿತ್ತು. ಅದರ ಬಗ್ಗೆ ಮತ್ತೆ ಯೋಚಿಸಿದ್ದು ನಮ್ಮ ಬಿಇ ಬ್ಯಾಚಿನ ಇಪ್ಪತ್ತನೇ ವರ್ಷದ ಕೂಟದ ಸಮಯದಲ್ಲಿ.

ಹಾಸ್ಟೆಲ್ ಡೇ ದಿನದ ಒಂದು ವಿಎಚ್‌ಎಸ್ ಟೇಪು ಒಬ್ಬನ ಅಟ್ಟದಲ್ಲಿ ಸಿಕ್ಕಿತು. ಬೂಸ್ಟು ಹಿಡಿದಿದ್ದರೂ ಡಿಜಿಟಲ್ ಮಾಡಿಸಿದಾಗ ಮುಕ್ಕಾಲು ಪಾಲು ಬಂತು. ಅದರಲ್ಲಿ ಹನ್ನೊಂದು ನಿಮಿಷ ಒಬ್ಬನದೇ: ನಾವು 'ತಿಪಟೂರು' ಎಂದು ಊರಿನ ಹೆಸರಿನಿಂದಲೇ ಕರೆಯುತ್ತಿದ್ದವನು, ಮೆಸ್ಸಿನ ಭಟ್ಟರನ್ನು ಅಣಕಿಸುತ್ತಿದ್ದಾನೆ. ಕೋವಿಡ್ಡಿನ ಎರಡನೇ ಅಲೆಯಲ್ಲಿ ಅವನು ಹೋದ. ವಾಟ್ಸಾಪ್ ಗುಂಪಿನಲ್ಲಿ ಎರಡು ಪಕ್ಷವಾಯಿತು. "ಅವನಿಲ್ಲದ ವಿಡಿಯೋ ಹಾಕಿ ಏನು ಮಾಡ್ತೀರೋ?" ಅಂದ ಒಬ್ಬ. "ಅತ್ತಿಗೆ, ಮಗಳು ಇಬ್ಬರೂ ಬರ್ತಾರೆ ಕಣೋ. ಅಷ್ಟು ಜನರ ಮುಂದೆ ಅವರು ಹೆಂಗೆ ನೋಡ್ತಾರೆ?" ಅಂದ ಇನ್ನೊಬ್ಬ. ಕೊನೆಗೆ ಅವರಿಗೇ ಫೋನು ಮಾಡಿ ಕೇಳಿದೆವು. "ಮೊದಲು ನಮಗೆ ಕೊಡಿ, ಮನೇಲಿ ನೋಡ್ತೀವಿ" ಅಂದರು. ಪೆನ್‌ಡ್ರೈವ್ ಕಳಿಸಿದೆವು. ಹಾಲಿನಲ್ಲಿ ತೋರಿಸಿದ ಪ್ರತಿಯಲ್ಲಿ ಆ ಹನ್ನೊಂದು ನಿಮಿಷ ಇರಲಿಲ್ಲ. ಮಗಳು ಮನೆಯಲ್ಲಿ ಅಪ್ಪ ನಗುವ ಜಾಗಕ್ಕೇ ಹಿಂದೆ ಹೋಗಿ ಹಿಂದೆ ಹೋಗಿ ನೋಡುತ್ತಿದ್ದಳಂತೆ.

ಅಲೆಕ್ಸ್ ಕಲ್ಪನೆಯವನು. ಅವನ ಮುಖ ಕಾಣದಿರುವುದರಿಂದಲೇ ಆ ಜಾಗದಲ್ಲಿ ನೋಡುಗರು ತಮ್ಮ ತಮ್ಮ ಗೆಳೆಯನನ್ನು ಕೂರಿಸಿಕೊಳ್ಳುತ್ತಾರೆ. ಕಾಸ್ಡನ್ ಆ ಫ್ಲ್ಯಾಶ್‌ಬ್ಯಾಕ್ ಕೊಟ್ಟಿದ್ದರೆ ಒಬ್ಬ ತಾರೆ ಸಿಗುತ್ತಿದ್ದ, ಆ ಖಾಲಿ ಜಾಗ ಹೋಗುತ್ತಿತ್ತು. ತಿಪಟೂರಿನವನ ವಿಷಯ ಬೇರೆ. ಅವನ ಜಾಗದಲ್ಲಿ ಯಾರನ್ನೂ ಕೂರಿಸಲಾಗದು, ಹಾಗಾಗಿ ಆ ಹನ್ನೊಂದು ನಿಮಿಷ ಉಳಿಯಲೇಬೇಕಿತ್ತು. ಆದರೆ ಇನ್ನೂರು ಜನರ ಹಾಲಿನಲ್ಲಿ ಅಲ್ಲ.

ಹೋಮ್ ವಿಡಿಯೋದ ಚರಿತ್ರೆ ಬರೆಯುವವರು ಯಂತ್ರ, ಬೆಲೆ, ಕೋರ್ಟು ತೀರ್ಪುಗಳನ್ನು ಲೆಕ್ಕ ಹಾಕುತ್ತಾರೆ. ಅದೆಲ್ಲ ಬೇಕಾದದ್ದೇ. ಆದರೆ ಆ ಯಂತ್ರ ಮನೆಗೆ ತಂದ ದೊಡ್ಡ ಬದಲಾವಣೆ, ಬೇಕಾದಾಗ ನಿಲ್ಲಿಸುವ, ಹಿಂದಕ್ಕೆ ತಿರುಗಿಸುವ, ಬಾಗಿಲು ಹಾಕಿಕೊಂಡು ಒಬ್ಬರೇ ನೋಡುವ ಸ್ವಾತಂತ್ರ್ಯ. ಥಿಯೇಟರಿನಲ್ಲಿ ಅಳು ಬಂದರೂ ಸಿನಿಮಾ ಕಾಯುವುದಿಲ್ಲ, ಮನೆಯಲ್ಲಿ ಕಾಯುತ್ತದೆ.