ಕಿರೀಟದ ಕೆಳಗಿನ ಮೂಗು

ಕಾಗಲ ದಾಟಿ ಕೊಲ್ಲಾಪುರಕ್ಕೆ ಹೋಗುವ ಕನ್ನಡಿಗರ ಮನಸ್ಸೆಲ್ಲ ಮಹಾಲಕ್ಷ್ಮಿಯ ಕಡೆಗಿರುತ್ತದೆ. ಆದರೆ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದೂ ಆ ಊರಿನ ಛತ್ರಪತಿ ಸ್ಟುಡಿಯೊದಲ್ಲೇ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಆ ಚಿತ್ರದಲ್ಲಿ ಆರ್. ನಾಗೇಂದ್ರರಾಯರು ರಾವಣ, ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು. ಅಮೆರಿಕದವರ ಸೂಪರ್‌ಮ್ಯಾನ್, ಬ್ಯಾಟ್‌ಮನ್‌ಗಳಿಗಿಂತ ಎಷ್ಟೋ ಹಿಂದಿನಿಂದ ನಮ್ಮ ಅತಿಮಾನುಷ ಪಾತ್ರವೆಂದರೆ ರಾವಣ. ಪಾತ್ರ ಒಂದೇ, ತೊಟ್ಟ ಮುಖಗಳು ಹಲವು. ವ್ಯಂಗ್ಯಭಾವಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಸವಾಲಿಲ್ಲ.

ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿ, ದತ್ತು ಹೋಗಿ ಕೊಲ್ಲಾಪುರದ ಗಾದಿಯೇರಿದ ಶಾಹು ಮಹಾರಾಜರು ನಾಟಕ, ಕುಸ್ತಿ, ಚಿತ್ರಕಲೆಗಳನ್ನು ಸಾಕಿದವರು. ಆ ನೆಲದಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಬಾಬುರಾವ್ ಪೇಂಟರ್ 1920ರಲ್ಲಿ ‘ಸೈರಂಧ್ರಿ’ ಸಿನಿಮಾ ತೆಗೆದರು. ತಮ್ಮ ಚಿತ್ರಗಳ ಪೋಸ್ಟರುಗಳನ್ನೂ ತಾವೇ ಬರೆದರು. ನಟನ ಮುಖವನ್ನು ಕುಂಚದಿಂದ ಜನರ ಮುಂದಿಡುವ ಕೆಲಸ ಈ ಭಾಗದಲ್ಲಿ ಹೀಗೆ ಶುರುವಾಯಿತು. ಪೋಸ್ಟರಿನಲ್ಲಿ ಪಾತ್ರವೇ ದೊಡ್ಡದು. ಪಾತ್ರದ ಹಿಂದಿನ ಮನುಷ್ಯನನ್ನು ಹುಡುಕುವ ಗೆರೆ ಪತ್ರಿಕೆಗಳಿಂದ ಬರಬೇಕಾಗಿತ್ತು.

1942ರಲ್ಲಿ ರಾಶಿ, ಅಂದರೆ ಡಾ. ಎಂ. ಶಿವರಾಂ, ‘ಕೊರವಂಜಿ’ ಹಾಸ್ಯಪತ್ರಿಕೆ ತಂದರು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಮುಂದೆ ಬಿ.ವಿ. ರಾಮಮೂರ್ತಿ, ಪಿ. ಮಹಮದ್ ಅವರಂಥವರಿಂದ ದಿನಪತ್ರಿಕೆಯ ವ್ಯಂಗ್ಯಚಿತ್ರ ಗಟ್ಟಿಯಾಯಿತು. ಅಲ್ಲಿ ರಾಜಕಾರಣಿಗೇ ಮೊದಲ ಮಣೆ. ಆದರೂ ಓದುಗ ಪ್ರೀತಿಯಿಂದ ಕತ್ತರಿಸಿ ಇಟ್ಟುಕೊಂಡದ್ದು ನಟರ ಮುಖಗಳನ್ನು ಎಂದು ನನ್ನ ಬಲವಾದ ನಂಬಿಕೆ.

ಪೌರಾಣಿಕ ವೇಷದ ತೊಡಕನ್ನೇ ನೋಡಿ. ಕಿರೀಟ ಹಣೆಯನ್ನು ನುಂಗುತ್ತದೆ, ಹುರಿಮೀಸೆ ತುಟಿಯನ್ನು, ಕರ್ಣಕುಂಡಲ ಕೆನ್ನೆಯ ಅಂಚನ್ನು. ಉಳಿಯುವುದು ಕಣ್ಣು ಮತ್ತು ಮೂಗು. 1958ರ ‘ಭೂಕೈಲಾಸ’ದಲ್ಲಿ ರಾವಣನಾದ ರಾಜ್‌ಕುಮಾರ್ ಅವರನ್ನು ಬರೆಯಲು ಆ ಮೂಗೊಂದೇ ಸಾಕು, ಒಂದೇ ಎಳೆತದಲ್ಲಿ ಆ ಹೆಸರಿನ ಹಿಂದಿನ ಮುತ್ತುರಾಜರೂ ಸಿಗುತ್ತಾರೆ, ಲಂಕೇಶನೂ ಸಿಗುತ್ತಾನೆ. ‘ಪ್ರಚಂಡ ರಾವಣ’ ನಾಟಕದಿಂದ ಹೆಸರಾದ ವಜ್ರಮುನಿಯವರಿಗೆ ಮೂಗಿನ ಗೊಡವೆಯೇ ಬೇಡ, ಕಣ್ಣುಗುಡ್ಡೆ ಮತ್ತು ಹುಬ್ಬು ಸಾಕು. ಹತ್ತು ತಲೆ ಬರೆದು ರಾವಣನೆನ್ನಿಸುವುದು ಸುಲಭ. ಒಂದೇ ತಲೆಯಲ್ಲಿ ನಟ, ಪಾತ್ರ ಇಬ್ಬರನ್ನೂ ಗುರುತು ಹಿಡಿಸುವವನೇ ನಿಜವಾದ ಕಲಾವಿದ.

ಅಮೆರಿಕದಲ್ಲಿ ಇದೇ ತೊಡಕು ತಲೆಕೆಳಗಾಗಿದೆ. ಬ್ಯಾಟ್‌ಮನ್ ಮುಸುಕು ಮೂಗನ್ನೂ ಹಣೆಯನ್ನೂ ಮುಚ್ಚಿ ಬಾಯಿ, ಗಲ್ಲಗಳನ್ನಷ್ಟೇ ಬಿಡುತ್ತದೆ. ಆಡಮ್ ವೆಸ್ಟ್, ಮೈಕೆಲ್ ಕೀಟನ್, ಜಾರ್ಜ್ ಕ್ಲೂನಿ ಬೇರೆಬೇರೆಯಾಗಿ ಕಾಣಬೇಕಾದದ್ದು ಅಷ್ಟರಲ್ಲೇ. ಟಿ.ವಿ. ಸರಣಿ ಬಂದ 1966ರಲ್ಲೇ ‘ಮ್ಯಾಡ್’ ಪತ್ರಿಕೆಯ ಮಾರ್ಟ್ ಡ್ರಕರ್ ಅದನ್ನು ಅಣಕಿಸಿ ಬರೆದರು. ಸೂಪರ್‌ಮ್ಯಾನ್ ಮುಖ ಮುಚ್ಚುವುದಿಲ್ಲ. ಹಣೆಯ ಗುಂಗುರು ಕೂದಲು ಪಾತ್ರದ್ದು, ಉಳಿದದ್ದೆಲ್ಲ ನಟನದು.

ಇಂದು ಕನ್ನಡದಲ್ಲಿ ಈ ಕಲೆಗೆ ಬೇರೆ ಬಲ ಬಂದಿದೆ. ‘ವಾರೆಕೋರೆ’ ಪತ್ರಿಕೆ ತಂದ ಪ್ರಕಾಶ್ ಶೆಟ್ಟಿ ಜನರ ಎದುರೇ ನಿಂತು ಮುಖ ಬರೆಯುತ್ತಾರೆ. ಸತೀಶ್ ಆಚಾರ್ಯ ಕುಂದಾಪುರದಲ್ಲಿ ಕಾರ್ಟೂನು ಹಬ್ಬ ನಡೆಸುತ್ತಾರೆ. ಬೆಂಗಳೂರಿನಲ್ಲಿ 2001ರಲ್ಲಿ ಹುಟ್ಟಿದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಗೆ ಸ್ವಂತ ಗ್ಯಾಲರಿಯಿದೆ. ಆದರೆ ಹಳೆಯ ಸಿನಿಮಾ ಪುರವಣಿಗಳಲ್ಲಿ ಅಚ್ಚಾದ ನಟರ ಮುಖಗಳು ರದ್ದಿಗೆ ಹೋಗುತ್ತಿವೆ. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಪುಟಗಳಿದ್ದರೆ ತೂಕಕ್ಕೆ ಹಾಕಬೇಡಿ. ಚಿತ್ರಕಾರನ ಸಹಿ, ಪತ್ರಿಕೆಯ ಹೆಸರು, ತಾರೀಖು ಕಾಣುವಂತೆ ಫೋಟೊ ತೆಗೆದಿಡಿ, ಮೂಲವನ್ನು ಯಾವುದಾದರೂ ಗ್ರಂಥಾಲಯಕ್ಕೆ ಒಪ್ಪಿಸಿ.