ಆಷಾಢದ ಬೆಳಕಿನಲ್ಲಿ ಗೋಡೆಯ ಬಣ್ಣ

ಮಲೆನಾಡಿನ ಮಲ್ಲಂದೂರಿನ ಕಡೆ ಮನೆಗೆ ಬಣ್ಣ ಬಳಿಸುವುದು ಬಿಸಿಲಿರುವಾಗ. ಮಳೆ ಹಿಂದೆ ಸರಿದ ಮೇಲೆ ದೀಪಾವಳಿಗೆ, ಇಲ್ಲವೇ ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ. ಹಸಿಗೋಡೆಗೆ ಬಣ್ಣ ಹಿಡಿಯುವುದಿಲ್ಲ, ನಿಜ. ಆದರೆ ಆ ಗೋಡೆಯನ್ನು ನಾವು ಹೆಚ್ಚು ಹೊತ್ತು ನೋಡುತ್ತ ಕೂರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಗಲಲ್ಲೇ ಲೈಟು ಹಾಕಬೇಕಾದ ದಿನಗಳಲ್ಲಿ. ಬಣ್ಣಕ್ಕೂ ಮನಸ್ಸಿಗೂ ಇರುವ ನಂಟಿನ ಬಗ್ಗೆ ಇನ್ನೂರು ವರ್ಷಗಳಿಂದ ನಡೆದಿರುವ ವಿಚಾರವನ್ನು ಮಲೆನಾಡಿನವರು ಆ ಮಬ್ಬಿನಲ್ಲಿ ಕೂತೇ ಓದಬೇಕು.

ಹಳೆಯ ಮನೆಗಳಲ್ಲಿ ಆಯ್ಕೆಯೇ ಕಡಿಮೆಯಿತ್ತು. ಗೋಡೆಗೆ ಸುಣ್ಣ, ಅದಕ್ಕೊಂದು ಚಿಟಿಕೆ ನೀಲಿ; ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ; ನೆಲಕ್ಕೆ ಸಗಣಿ, ಕಪ್ಪು ಬರಲೆಂದು ಇದ್ದಿಲು ಅಥವಾ ಹಳೆಯ ಬ್ಯಾಟರಿ ಸೆಲ್ಲಿನ ಮಸಿ. ಸಿಮೆಂಟು ಬಂದ ಮೇಲೆ ರೆಡ್ ಆಕ್ಸೈಡ್ ನೆಲ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಘಟ್ಟ ಹತ್ತಿ ಬಂದಿತು. ನಡುವೆ ಒಂದೆರಡು ಗಾಜಿನ ಹೆಂಚು ಇಟ್ಟಲ್ಲಿ ಒಳಕೋಣೆಗೂ ಬೆಳಕು ಇಳಿಯಿತು. ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಹಿಡಿಯದು. ಅದರ ಬಿಳುಪು ಒಳಗೆ ಬಂದ ಅಲ್ಪ ಬೆಳಕನ್ನೂ ನುಂಗದೆ ಕೋಣೆಗೆ ಹರಡುತ್ತದೆ. ಮನಸ್ಸು ಹಗುರಾಗಲಿ ಎಂದು ಯಾರೂ ಸುಣ್ಣ ಹೊಡೆಯಲಿಲ್ಲ. ಆದರೂ ಈ ಹವೆಗೆ ಅದಕ್ಕಿಂತ ಒಳ್ಳೆಯ ಗೋಡೆಯನ್ನು ನಾನು ಕಂಡಿಲ್ಲ.

ಆಮೇಲೆ ಡಬ್ಬಿ ಬಣ್ಣದ ಕಾಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹಾಕಿಸಿದರು. ಅಂಗಡಿಗಳಿಗೆ ಶೇಡ್ ಕಾರ್ಡು ಬಂದಂತೆ ಪ್ರತಿ ಬಣ್ಣಕ್ಕೂ ಒಂದು ಗುಣ ಅಂಟಿಕೊಂಡಿತು: ನೀಲಿ ಶಾಂತಿ, ಹಳದಿ ಉಲ್ಲಾಸ, ಹಸಿರು ನೆಮ್ಮದಿ.

ಈ ಮಾತಿನ ಬೇರು ಹಳೆಯದು. ಜರ್ಮನ್ ಕವಿ ಗಯಟೆ 1810ರ ತನ್ನ ವರ್ಣಸಿದ್ಧಾಂತದಲ್ಲಿ ಹಳದಿಗೆ ಬೆಚ್ಚನೆಯ ಗುಣ ಕೊಟ್ಟ. ಬರೀ ನೀಲಿ ಹೊದಿಸಿದ ಕೋಣೆ ದೊಡ್ಡದಾಗಿ ಕಂಡರೂ ಖಾಲಿಯಾಗಿ, ತಣ್ಣಗೆ ಇರುತ್ತದೆ ಎಂದ. ಅವನದು ಸೂಕ್ಷ್ಮ ಕಣ್ಣು, ಪ್ರಯೋಗವಲ್ಲ. ಪ್ರಯೋಗದ ಹೆಸರಿನಲ್ಲಿ ಅವಸರವೂ ನಡೆಯಿತು. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಸೆರೆಮನೆಯಲ್ಲಿ ಕೋಣೆಯೊಂದಕ್ಕೆ ಗುಲಾಬಿ ಬಳಿದು, ಕೈದಿಗಳ ಸಿಟ್ಟು ಇಳಿಯಿತೆಂದು ಸಾರಿದರು. ಎಷ್ಟೋ ಸೆರೆಮನೆಗಳು ಗುಲಾಬಿಯಾದವು. ಸ್ವಿಟ್ಜರ್ಲೆಂಡಿನ ಸೆರೆಮನೆಯೊಂದರಲ್ಲಿ ಕಟ್ಟುನಿಟ್ಟಾಗಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಅಂಥ ಪರಿಣಾಮವೇ ಸಿಗಲಿಲ್ಲ.

ಗಟ್ಟಿ ನೆಲ ಸಿಕ್ಕಿದ್ದು ಬೇರೆ ಕಡೆ. 1994ರಲ್ಲಿ ಸಂಶೋಧಕರಾದ ವಾಲ್ಡೆಜ್ ಮತ್ತು ಮೆಹ್ರಾಬಿಯನ್, ಭಾವನೆಯನ್ನು ಹೆಚ್ಚು ಕದಲಿಸುವುದು ಬಣ್ಣದ ಹೆಸರಲ್ಲ, ಅದರ ತಿಳಿ-ಗಾಢ ಮತ್ತು ಕಡುಪು ಎಂದು ತೋರಿಸಿದರು. 2006ರಲ್ಲಿ ಸ್ವೀಡನ್ನಿನ ರಿಕಾರ್ಡ್ ಕ್ಯುಲ್ಲರ್ ಮತ್ತು ಸಂಗಡಿಗರ ಅಧ್ಯಯನ ಬಂತು: ನಾಲ್ಕು ದೇಶಗಳು, 988 ಜನ, ಅವರು ದಿನವೂ ಕೆಲಸ ಮಾಡುವ ಕೋಣೆಗಳು. ಬೆಳಕು ತೀರಾ ಕಡಿಮೆ ಎನಿಸಿದವರ ಮನಸ್ಸು ಎಲ್ಲರಿಗಿಂತ ಕುಗ್ಗಿತ್ತು, ಹಿತವೆನಿಸಿದಾಗ ಏರಿತ್ತು, ಅತಿಯಾದಾಗ ಮತ್ತೆ ಇಳಿದಿತ್ತು. ಸುತ್ತ ಬಣ್ಣವಿದ್ದವರು ವರ್ಷವಿಡೀ ಒಂದಿಷ್ಟು ಹೆಚ್ಚು ಗೆಲುವಾಗಿದ್ದರು. ಬೆಳಕಿಗೆ ಇಷ್ಟು ತೂಕ ಏಕೆ ಎಂಬುದಕ್ಕೂ ಸುಳಿವಿತ್ತು: ಕಣ್ಣಿನ ಒಳಪರದೆಯಲ್ಲಿ ನೋಡುವುದಕ್ಕಿಂತ ಹೆಚ್ಚಾಗಿ ದೇಹದ ಗಡಿಯಾರಕ್ಕೆ ಬೆಳಕಿನ ಸುದ್ದಿ ಮುಟ್ಟಿಸುವ ಕೋಶಗಳಿವೆ ಎಂದು 2002ರಲ್ಲೇ ತಿಳಿದಿತ್ತು.

ನಮ್ಮ ಮಟ್ಟಿಗೆ ಇನ್ನೂ ಹತ್ತಿರದ ಮಾತು ಹೇಳಿದವನು ಬೊಹೀಮಿಯದ ಶರೀರವಿಜ್ಞಾನಿ ಪುರ್ಕಿನ್ಯೆ, 1825ರಷ್ಟು ಹಿಂದೆ. ಬೆಳಕು ಕುಂದುತ್ತ ಹೋದಂತೆ ಕೆಂಪು ಮೊದಲು ಕಪ್ಪಿಡುತ್ತದೆ. ನೀಲಿ, ಹಸಿರು ಉಳಿದುಕೊಳ್ಳುತ್ತವೆ. ಮಾರ್ಚಿನ ಬಿಸಿಲಲ್ಲಿ ಮೆಚ್ಚಿ ಬಳಿಸಿದ ಇಟ್ಟಿಗೆಗೆಂಪು, ಮಳೆ ಹಿಡಿದ ಮುಸ್ಸಂಜೆಗೆ ಗವಿಯಂತಾಗುವುದು ಇದರಿಂದಲೇ. ಹಿರಿಯರು ಕೆಂಪನ್ನು ನೆಲಕ್ಕೂ ಗೋಡೆಯ ಬುಡಕ್ಕೂ ಇಳಿಸಿ, ಕಣ್ಣಿನ ಎತ್ತರಕ್ಕೆ ಬಿಳುಪು ಬಿಟ್ಟಿದ್ದರು. ಹಸಿರು ಗೋಡೆಯೂ ನನಗೆ ಇಲ್ಲಿ ಒಪ್ಪಿಗೆಯಾಗಿಲ್ಲ: ಸಿಲ್ವರ್ ಓಕ್ ನೆರಳಿನ ಹಸಿರು ಕಿಟಕಿಯಿಂದ ಬೇಕಾದಷ್ಟು ಬರುತ್ತದೆ. ತಿಳಿ ಕೆನೆ, ತಿಳಿ ಹಳದಿ ಸಾಕು.

ಆದ್ದರಿಂದ ಈ ಸಲ ಡಬ್ಬಿ ಕೊಳ್ಳುವ ಮೊದಲು ಸಣ್ಣ ಸ್ಯಾಂಪಲ್ ತಂದು, ಒಂದು ರಟ್ಟಿಗೆ ಬಳಿದು, ನೀವು ದಿನವೂ ಕೂರುವ ಕೋಣೆಯ ಗೋಡೆಗೆ ಒರಗಿಸಿಡಿ. ಆಷಾಢದಲ್ಲಿ, ಸಂಜೆ ನಾಲ್ಕಕ್ಕೆ, ಕರೆಂಟು ಇಲ್ಲದಾಗ ನೋಡಿ. ಆಮೇಲೆ ಆರಿಸಿ.